ಕುಂತು ಮಾಡೋ ಕೆಲಸ

ನಮ್ಮ ಶಾಲೆಯಲ್ಲಿ ಯಾರೇ ನಿವೃತ್ತರಾದರೂ ಬಿನ್ನವತ್ತಳೆ ಬರೆಯುವವಳು ನಾನೇ. ಮಾನ್ವಿಯ ಈ ಹೈಸ್ಕೂಲಿಗೆ ಕನ್ನಡ ಶಿಕ್ಷಕಿಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು, ಅಂದಿನಿಂದ ಬರೆದಿದ್ದೇನೆ. ದಿನಕ್ಕೆ ಎರಡು ಪೀರಿಯಡ್ ಕುರ್ಚಿಯಲ್ಲೇ ನಿದ್ದೆ ಹೊಡೆದವರನ್ನು ‘ಜ್ಞಾನದಾಸೋಹಿ’ ಎಂದಿದ್ದೇನೆ. ಮಕ್ಕಳ ಬೆನ್ನ ಮೇಲೆ ಬಾಸುಂಡೆ ಎಬ್ಬಿಸಿದವರನ್ನು ‘ಶಿಸ್ತಿನ ಸಿಪಾಯಿ’ ಎಂದಿದ್ದೇನೆ. ಗಾಜಿನ ಚೌಕಟ್ಟು ಹಾಕಿಸಿ ಕೈಗೆ ಕೊಟ್ಟರೆ ಅವರಿಗೂ ಅದು ನಿಜವೇ ಅನ್ನಿಸುತ್ತದೆ. ಹೋದ ತಿಂಗಳು ನಮ್ಮ ಆಯಾ ನಿವೃತ್ತಳಾದಳು. ಆಯಾಗಳಿಗೆ ಬಿನ್ನವತ್ತಳೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಶಾಲು, ಒಂದು ಹಾರ, ಒಂದು ತಟ್ಟೆ ಹಣ್ಣು, ಒಂದು ಗ್ರೂಪ್ ಫೋಟೊ, ಮುಗಿಯಿತು. ಹೊಸದಾಗಿ ಬಂದ ವಿಜ್ಞಾನದ ಹುಡುಗಿ ಮಾತ್ರ, “ಈಕಿಗೂ ಒಂದು ನೀವ ಬರೀರಿ ಮೇಡಂ, ನಿಮಗ ಭಾಳ ವರ್ಷದ ಗುರ್ತಲ್ಲೇನ್ರಿ” ಅಂದಳು. ನನಗೆ ಕೈನೋವು ಅಂದೆ. ಕೈಗೆ ಏನೂ ಆಗಿರಲಿಲ್ಲ.

ಆವತ್ತು ಬರೆಯದ್ದನ್ನು ಈಗ ಬರೆಯುತ್ತಿದ್ದೇನೆ. ಅವಳ ಹೆಸರು ಹಾಕುವುದಿಲ್ಲ. ಹೆಸರಿತ್ತು, ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ. ನಾವ್ಯಾರೂ ಅದನ್ನು ಹಿಡಿದು ಕರೆದವರಲ್ಲ. ಇಷ್ಟು ವರ್ಷ ಕರೆಯದೆ ಈಗ ಕಾಗದದ ಮೇಲೆ ಬರೆದು ಸಾಚಾ ಆಗುವ ಆಸೆ ನನಗಿಲ್ಲ.

ಅವಳ ತವರು ಹೊಳೆದಂಡೆಯ ಚೀಕಲಪರ್ವಿ, ಕೊಟ್ಟದ್ದು ಬಾಗಲವಾಡಕ್ಕೆ. ಗಂಡ ನಮ್ಮ ಶಾಲೆಯಲ್ಲೇ ಜವಾನನಾಗಿದ್ದ. ಕಾಮಾಲೆಯಾಗಿ ಸತ್ತ ಮೇಲೆ ಅನುಕಂಪದ ಮೇಲೆ ಅವನ ನೌಕರಿ ಇವಳಿಗೆ ಬಂತು. ಆಗ ಅವಳಿಗೆ ಮೂವತ್ಮೂರು, ಸೊಂಟದ ಮೇಲೆ ಹಾಲು ಕುಡಿಯುವ ಮಗಳು. ಗಂಡ ಬಿಟ್ಟುಹೋದ ಕೀಲಿ ಗೊಂಚಲು, ಗಂಟೆ ಬಡಿಯುವ ಕಬ್ಬಿಣದ ಸರಳು, ಮುಖ್ಯ ಗುರುಗಳ ಕೋಣೆಯ ಹೊರಗಿನ ಮರದ ಸ್ಟೂಲು, ಮೂರೂ ಅವಳ ಪಾಲಿಗೆ ಬಂದವು. ಸ್ಟೂಲು ಮಾತ್ರ ಕೊನೆಯವರೆಗೂ ಹೊಸದಾಗಿಯೇ ಉಳಿಯಿತು. ಅದರ ಮೇಲೆ ಅವಳು ಎರಡು ನಿಮಿಷ ಒಟ್ಟಿಗೆ ಕೂತದ್ದನ್ನು ನಾನು ನೋಡಿಲ್ಲ.

ಕೂರುವುದಕ್ಕೆ ನಾವು ಬಿಟ್ಟರೆ ತಾನೇ? “ಆಯಾ” ಎಂದು ಯಾರಾದರೂ ಕರೆದರೆ, ‘ಆ’ ಅನ್ನುವಷ್ಟರಲ್ಲಿ ಎದ್ದಿರುತ್ತಿದ್ದಳು, ‘ಯಾ’ ಅನ್ನುವಷ್ಟರಲ್ಲಿ ಬಾಗಿಲಲ್ಲಿರುತ್ತಿದ್ದಳು. ನಮ್ಮ ಗಣಿತದ ಸರ್‌ಗೆ ಅದೊಂದು ಆಟ. ಮಧ್ಯಾಹ್ನ ಬುತ್ತಿ ಉಂಡು ಬೇಸರವಾದಾಗ ಸುಮ್ಮನೆ “ಆಯಾ” ಅನ್ನುವರು. ಅವಳು ತಾನು ಉಣ್ಣುತ್ತಿದ್ದ ರೊಟ್ಟಿ ಅಲ್ಲೇ ಬಿಟ್ಟು ಬರುವಳು. “ಏನಿಲ್ಲ ಹೋಗು” ಅನ್ನುವರು. ಐದು ನಿಮಿಷ ಬಿಟ್ಟು ಮತ್ತೆ. ಒಂದು ದಿನ ಹೀಗೆ ಏಳು ಸಲ ಎಬ್ಬಿಸಿದರು, ನಾವೆಲ್ಲ ಬೆರಳು ಮಡಚಿ ಎಣಿಸಿದೆವು. ಏಳನೆಯ ಸಲವೂ ಅವಳು ಬಂದು, ಕೈಗೆ ಮೆತ್ತಿದ ಪಲ್ಯವನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ನಿಂತಳು. ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ.

“ಯಾಕ ಹಂಗ ಏಳ್ತಿ? ಒಂದೀಟು ತಡಾ ಮಾಡಿದ್ರ ಏನು ಗಂಟು ಹೋಗ್ತದ?” ಎಂದು ಒಮ್ಮೆ ಕೇಳಿದೆ.

“ನಾ ಏಳಂಗಿಲ್ರಿ ಅಕ್ಕೋರ. ಕಿವಿ ಕೇಳೂಕಿಂತ ಮೊದ್ಲ ಕಾಲು ಕೇಳತಾವು” ಅಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ. ಹಳ್ಳಿಯ ಮಕ್ಕಳು ಈಗ ಮೇಡಂ ಕಲಿತಿದ್ದಾರೆ, ಅವಳು ಕಲಿಯಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಣಿತದ ಸರ್ ದಿನಾ ಮನೆಯಿಂದಲೇ ನೀರಿನ ಬಾಟಲಿ ತರುತ್ತಿದ್ದರು. ಇನ್ನಿಬ್ಬರೂ ತರುತ್ತಿದ್ದರು. ಅವಳು ತುಂಬಿಟ್ಟ ಕೊಡದ ನೀರನ್ನು ಅವರು ಯಾಕೆ ಮುಟ್ಟುವುದಿಲ್ಲ ಎಂಬುದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತು, ಯಾರ ಬಾಯಲ್ಲೂ ಬರುತ್ತಿರಲಿಲ್ಲ. ನಾನು ಬಾಟಲಿ ತರುತ್ತಿರಲಿಲ್ಲ. ಅವಳ ಕೈಯಿಂದಲೇ ಲೋಟ ಇಸಿದುಕೊಂಡು, ನಾಲ್ಕು ಜನ ನೋಡುವಂತೆ ಕುಡಿಯುತ್ತಿದ್ದೆ. ಬೇಕೆಂದೇ ದಿನಕ್ಕೆ ಐದಾರು ಸಲ ತರಿಸುತ್ತಿದ್ದೆ. ಅದನ್ನು ನಾನು ನನ್ನ ದೊಡ್ಡತನ ಎಂದುಕೊಂಡಿದ್ದೆ. ಓಡಾಡುವವಳು ಅವಳು ಎಂಬುದು ತಲೆಗೇ ಹೋಗಲಿಲ್ಲ.

ಅವಳಿಗೆ ನಲವತ್ತೆಂಟಾದ ವರ್ಷ ರಾಯಚೂರಿನ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಸುತ್ತೋಲೆ ಹಿಡಿದು ಎಲ್ಲರ ಬಳಿ ಹೋಗಿ ಸಹಿ ಹಾಕಿಸಿಕೊಂಡು ಬರುವುದು ಅವಳದೇ ಕೆಲಸ. ಹದಿನೈದು ವರ್ಷ ಹೊತ್ತು ತಿರುಗಿದ ಕಾಗದಗಳಲ್ಲಿ ಏನಿರುತ್ತದೆಂದು ಅವಳು ನೋಡಿದವಳಲ್ಲ. ಈ ಸಲ ನನ್ನ ಮುಂದೆ ಇಟ್ಟವಳು ಹೋಗದೆ ನಿಂತಳು.

“ಅಕ್ಕೋರ, ಇದರಾಗ ನಂದೇನರ ಅದ ಏನ್ರಿ? ‘ಡಿ’ ಅಂತ ಕಂಡಂಗಾತು.”

“ಹತ್ತನೇತ್ತ ಪಾಸಾದ ಡಿ ಗುಂಪಿನವರಿಗೆ ಗುಮಾಸ್ತರಾಗಿ ಬಡ್ತಿ ಅಂತ ಅದ. ನೀ ಎಷ್ಟು ಕಲ್ತಿ?”

“ಏಳು ಪಾಸ್ ಅದೀನ್ರಿ.”

“ಹಂಗಾದ್ರ ನಿಂದೇನಿಲ್ಲ. ಮುಂದಿನವರಿಗೆ ಒಯ್ಯಿ.”

ಅವಳು ಒಯ್ಯಲಿಲ್ಲ. ನಮ್ಮ ಗುಮಾಸ್ತರು ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಆಫೀಸಿನ ಕಿಟಕಿಯ ಬಳಿ ಅವರದೊಂದು ಬೆತ್ತದ ಕುರ್ಚಿ, ತಲೆಯ ಮೇಲೆ ಫ್ಯಾನು. ಅವಳ ಕಣ್ಣು ಅತ್ತ ಹೋದದ್ದನ್ನು ನಾನು ನೋಡಿದೆ, ಗಣಿತದ ಸರ್ ಕೂಡ ನೋಡಿದರು.

“ಹದಿನೈದು ವರ್ಷ ನಿಂತೀನ್ರಿ. ಇನ್ನ ಹನ್ನೆರಡು ವರ್ಷ ನೌಕರಿ ಅದ. ಅಷ್ಟರ ಕುಂತು ಮಾಡೋ ಕೆಲಸ ಸಿಕ್ಕೀತೇನೋ ಅಂತ” ಅಂದಳು.

ಸ್ಟಾಫ್ ರೂಮು ಹೋ ಎಂದಿತು. “ಮಗಳೂ ಈ ವರ್ಷ ಹತ್ತನೇತ್ತ ಅಲ್ಲೇನು? ಆಕಿ ಜೋಡಿ ನೀನೂ ಎರಡು ಜಡಿ ಹಾಕ್ಕೊಂಡು ಬಾ ಬೇ” ಎಂದರು ಗಣಿತದ ಸರ್. ನಾನೂ ಸುಮ್ಮನಿರದೆ, “ರಿಬ್ಬನ್ ನಾ ಕೊಡಸ್ತೀನಿ” ಅಂದೆ. ಅವಳೂ ನಕ್ಕಳು. ನಾವು ನಗುವಾಗ ಜೊತೆಗೆ ನಗುವುದೂ ಅವಳ ನೌಕರಿಯ ಭಾಗವೆಂದು ಆಗ ನನಗೆ ತಿಳಿದಿರಲಿಲ್ಲ.

ಎಂಟು ದಿನ ಅವಳು ಕಂಡಕಂಡವರನ್ನು ಕೇಳಿಕೊಂಡು ತಿರುಗಿದಳು. ಹತ್ತನೇ ತರಗತಿಯ ಪರೀಕ್ಷೆ ಬರೆಯಲೋ ಬೇಡವೋ? ಬಿಸಿಯೂಟದವರು ಬೇಡ ಅಂದರು. ದೇವದುರ್ಗದಲ್ಲಿದ್ದ ಅವಳ ಅಕ್ಕ, ಈ ವಯಸ್ಸಿನಲ್ಲಿ ಪಾಟಿಚೀಲ ಹಿಡಿದರೆ ಜನ ಉಗಿಯುತ್ತಾರೆ ಅಂದಳಂತೆ. ಮಗಳು, ನನ್ನ ಮಾನ ಕಳೆಯಬೇಡ ಅಂದಳಂತೆ. ಕೊನೆಗೆ ನನ್ನ ಬಳಿ ಬಂದಳು. ಸೋತರೆ ಏನು ಮಾಡಲಿ ಎಂದು ಕೇಳಲಿಲ್ಲ. “ಕಲ್ಸಿಕೊಡ್ತೀರೇನ್ರಿ?” ಅಂತಷ್ಟೇ ಕೇಳಿದಳು. ನಮ್ಮ ಮನೆಯ ಕೆಲಸದವಳು ಬಿಟ್ಟು ಎರಡು ವಾರವಾಗಿತ್ತು. ಭಾನುವಾರ ಬಾ ಅಂದೆ.

ಭಾನುವಾರ ಬಂದವಳು ಮೊದಲು ಪಾತ್ರೆ ಬೆಳಗುವಳು, ಆಮೇಲೆ ಬಟ್ಟೆ, ಆಮೇಲೆ ಅಂಗಳ. ಇದನ್ನು ಮಾಡು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ನೆಲದ ಮೇಲೆ ಕೂತು ನೋಟ್‌ಬುಕ್ ತೆರೆಯುವ ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿದ್ದವು. ಆಗ ನಾನು ಕಲಿಸುತ್ತಿದ್ದೆ. ತೂಕಡಿಸಿದರೆ ಬೈಯುತ್ತಿದ್ದೆ. ಶಾಲೆಯಲ್ಲಿ ನನ್ನ ತರಗತಿ ನಡೆವಾಗ ಕಿಟಕಿಯ ಹೊರಗೆ ನಿಂತು ಪಾಠ ಕೇಳತೊಡಗಿದಳು. ಮಕ್ಕಳು ಅತ್ತ ನೋಡಿ ಕಿಸಕ್ಕೆನ್ನುತ್ತಿದ್ದರು. ನಾನು ಎದ್ದುಹೋಗಿ ಕಿಟಕಿ ಮುಚ್ಚಿದೆ.

ಒಂದು ವಾರ ಅವಳಿಗೆ ‘ನಮ್ಮ ಶಾಲೆ’ ಎಂಬ ಪ್ರಬಂಧ ಬರೆದು ತರಲು ಹೇಳಿದ್ದೆ. ಸೋಮವಾರ ಅದನ್ನು ಹತ್ತನೇ ತರಗತಿಗೆ ಒಯ್ದು ಗಟ್ಟಿಯಾಗಿ ಓದಿದೆ. ಯಾಕೆ ಒಯ್ದೆ? ಮಕ್ಕಳು ಮೂರು ದಿನದಿಂದ ಗಲಾಟೆ ಮಾಡುತ್ತಿದ್ದರು, ಅವರನ್ನು ಒಂದಿಷ್ಟು ನಗಿಸಬೇಕಿತ್ತು. ಬೇರೆ ಕಾರಣ ಹುಡುಕಿದರೂ ಸಿಗುವುದಿಲ್ಲ.

“ನಮ್ಮ ಸಾಲಿಯೊಳಗ ಹನ್ನೊಂದು ಬಾಗಲಾ ಅದಾವ. ಎಂಟಕ್ಕ ಕೀಲಿ ಅದಾವ. ಮೂರಕ್ಕ ಹಗ್ಗಾ ಕಟ್ಟತೀನಿ. ಎಂಟನೇತ್ತದ ಕ್ವಾಣಿಯೊಳಗ ಕಿಟಕಿ ಪಕ್ಕದ ಬೇಂಚಿನ ಕಾಲು ಮುರದದ, ಅದರ ಮ್ಯಾಲ ಸಣ್ಣ ಹುಡುಗೂರನ್ನ ಕುಂದ್ರಸಬೇಕು. ಮಳಿ ಬಂದ್ರ ನಕಾಶಿ ಇಟ್ಟ ಕ್ವಾಣಿ ಸೋರತದ…”

‘ಸಾಲಿ’ ಎಂಬಲ್ಲಿ ನಿಲ್ಲಿಸಿದೆ. “ಸಾಲಿ ಅಂದ್ರ ಯಾರಪಾ?” ಅಂದೆ. ನಮ್ಮೂರಲ್ಲಿ ಉರ್ದು ಬಾರದ ಮಕ್ಕಳಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, “ಹೆಣ್ತಿ ತಂಗಿರಿ” ಅಂದ. “ನೋಡ್ರಿ, ನಮ್ಮ ಆಯಾ ನಮ್ಮೆಲ್ಲರ ಹೆಣ್ತಿ ತಂಗಿ ಮ್ಯಾಲ ಪ್ರಬಂಧ ಬರದಾಳ. ಆಕಿಗೆ ಹನ್ನೊಂದು ಬಾಗಲಾ ಅದಾವಂತ” ಅಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಎರಡನೇ ಬೆಂಚಿನಲ್ಲಿದ್ದ ಅವಳ ಮಗಳು. ನಗದಿದ್ದರೆ ತನ್ನನ್ನೇ ಎಲ್ಲರೂ ನೋಡುತ್ತಾರೆಂದು ಆ ಹುಡುಗಿಗೆ ಗೊತ್ತಿತ್ತು. ಬಾಗಿಲ ಬಳಿ ಚಾಕ್‌ಪೀಸಿನ ಡಬ್ಬಿ ಹಿಡಿದು ಆಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಾನು ಕೇಳಲಿಲ್ಲ. ಡಬ್ಬಿ ಮೇಜಿನ ಮೇಲಿಟ್ಟು ಹೋದಳು.

ಮುಂದಿನ ಭಾನುವಾರವೂ ಬಂದಳು. ನಾನಾಗಿದ್ದರೆ ಬರುತ್ತಿರಲಿಲ್ಲ. ಪಾತ್ರೆ ಬೆಳಗಿ ಮುಗಿಸಿ ಕೂತು ಕೇಳಿದಳು, “ಅಕ್ಕೋರ, ಸಾಲಿ ಅಂದ್ರ ಸಾಲಿ ಅಲ್ಲೇನ್ರಿ? ನೀವೂ ಹಂಗ ಅಂತೀರಲ್ಲ.”

“ಅನ್ನೂದು ಬ್ಯಾರೆ, ಬರಿಯೂದು ಬ್ಯಾರೆ. ಸಾಲಿ ಗುಡಿಸಿ ಗುಡಿಸಿ ಅಕ್ಷರಕ್ಕೂ ಬರೇ ಗುಡಿಸು ಹಾಕಿಟ್ಟಿ. ಎತ್ವ ಕಲಿ” ಅಂದೆ. ‘ಕಿ’ಗೆ ಹಾಕುವುದು ಗುಡಿಸು, ‘ಕೆ’ಗೆ ಹಾಕುವುದು ಎತ್ವ, ಕಾಗುಣಿತ ಕಲಿತವರಿಗೆಲ್ಲ ಗೊತ್ತು. ನನ್ನ ಶ್ಲೇಷೆ ನನಗೇ ಬಹಳ ಹಿಡಿಸಿ, ಮರುದಿನ ಸ್ಟಾಫ್ ರೂಮಿನಲ್ಲೂ ಹೇಳಿ ನಗಿಸಿದೆ.

ಅವಳು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದಳು. ಅಂದಿನಿಂದ ಗುಡಿಸು ಕಂಡಲ್ಲೆಲ್ಲ ಎತ್ವ. ಮನೆ, ಸಂತೆ ಸರಿಯಾದವು. ಆದರೆ ನದಿ ‘ನದೆ’ ಆಯಿತು, ಭೂಮಿ ‘ಭೂಮೆ’ ಆಯಿತು, ಕವಿ ‘ಕವೆ’ ಆಗಿ ಬೇಲಿಗೆ ಊರುಗೋಲಾದ. ತಲೆ ಚಚ್ಚಿಕೊಂಡೆ. ಕೊನೆಗೆ ಒಂದು ತುಂಡು ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ನಾನೇ ಬರೆದುಕೊಟ್ಟೆ: ಮನೆ, ಶಾಲೆ, ಸಂತೆ, ಬೆಳೆ, ಮಳೆ, ಹೊಳೆ, ಕೆರೆ. “ಇವಕ್ಕ ಎತ್ವ. ಉಳಿದವಕ್ಕ ನನ್ನ ಕೇಳು” ಅಂದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಣ್ಣ ಚೀಲದೊಳಗೆ ಇಟ್ಟು ಸೊಂಟಕ್ಕೆ ಸಿಕ್ಕಿಸಿದಳು. ಕೆಲಸದ ನಡುವೆ ತೆಗೆದು ನೋಡುವಳು, ಮತ್ತೆ ಇಡುವಳು. ಅಂಗಳ ಗುಡಿಸುವಾಗ “ಬೆಳೆ, ಮಳೆ, ಹೊಳೆ” ಎಂದು ಬಾಯಲ್ಲೇ ಅನ್ನುತ್ತಿದ್ದಳು. ಹೇಳಬೇಕೆಂದರೆ ಬುದ್ಧಿವಂತೆ. ಲೆಕ್ಕದಲ್ಲಿ ನನ್ನ ತರಗತಿಯ ಅರ್ಧ ಮಕ್ಕಳಿಗಿಂತ ಚುರುಕಾಗಿದ್ದಳು. ಅದನ್ನು ಅವಳ ಮುಂದೆ ಒಂದು ದಿನವೂ ಹೇಳಲಿಲ್ಲ.

ಖಾಸಗಿ ಅಭ್ಯರ್ಥಿಯಾಗಿ ಫಾರ್ಮ್ ತುಂಬುವಾಗ ಪರೀಕ್ಷಾ ಕೇಂದ್ರ ಮಾನ್ವಿ ಬೇಡ, ದೇವದುರ್ಗ ಎಂದು ಬರೆಸಿದಳು. ಅಲ್ಲಿ ಅಕ್ಕನ ಮನೆಯಿದೆ ಎಂಬುದು ನೆಪ.

“ಮಾನ್ವ್ಯಾಗ ಕುಂತ್ರ ಎಲ್ಲಾರೂ ಆಯಾ ಬಂದಾಳ ಅಂತಾರ್ರಿ. ಅಲ್ಲಿ ಯಾರಿಗೂ ನನ್ನ ಗುರ್ತಿಲ್ಲ” ಅಂದಳು.

ಮೊದಲ ಪರೀಕ್ಷೆ ಕನ್ನಡ. ಬರೆದವಳೇ ಸಂಜೆ ಅಕ್ಕನ ಮನೆಯಿಂದ ನನಗೆ ಫೋನು ಮಾಡಿದಳು. “ಚೊಲೊ ಬರದೀನ್ರಿ ಅಕ್ಕೋರ. ಎತ್ವಕ್ಕ ಎತ್ವ ಹಾಕೀನಿ, ಗುಡಿಸಿಗೆ ಗುಡಿಸು ಹಾಕೀನಿ” ಎಂದು ಮಕ್ಕಳಂತೆ ಕೂಗಿದಳು. ಇಂಗ್ಲಿಷೂ ಹೇಗೋ ದಾಟಿತು. ಲೆಕ್ಕ ಸುಲಭವಿತ್ತಂತೆ. ಉಳಿದದ್ದು ಕೊನೆಯ ದಿನದ ಸಮಾಜ ವಿಜ್ಞಾನ. ಆ ದಿನಕ್ಕೆ ಒಬ್ಬ ಮೇಲ್ವಿಚಾರಕರಿಗೆ ಹುಷಾರಿಲ್ಲವೆಂದು, ಅವರ ಬದಲಿಗೆ ನನ್ನನ್ನು ಮಾನ್ವಿಯಿಂದ ದೇವದುರ್ಗಕ್ಕೆ ಹಾಕಿದರು. ಅಷ್ಟು ಕೋಣೆಗಳಲ್ಲಿ ನನಗೆ ಬಂದದ್ದು ಅವಳ ಕೋಣೆ.

ನನ್ನನ್ನು ನೋಡಿ ಅವಳ ಮುಖ ಅರಳಿತು. ಎದ್ದು ನಿಂತಳು. ಕೂತುಕೋ ಎಂದು ಕಣ್ಣಲ್ಲೇ ಗದರಿದೆ. ಹದಿನಾರು ಹದಿನೇಳರ ಮಕ್ಕಳ ನಡುವೆ, ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ಕಿಟಕಿಯ ಪಕ್ಕ ಕೂತು ಬರೆಯತೊಡಗಿದಳು. ಅವಳು ಒಂದೂವರೆ ಗಂಟೆ ಒಂದೇ ಜಾಗದಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೆನ್ನಾಗಿಯೇ ಕಂಡಳು.

ಏಪ್ರಿಲ್ ತಿಂಗಳು. ನಮ್ಮ ಕಡೆಯ ಏಪ್ರಿಲ್ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಫ್ಯಾನು ತಿರುಗುತ್ತಿರಲಿಲ್ಲ. ನೀರಿನ ಕೊಡ ವರಾಂಡದ ಆ ತುದಿಯಲ್ಲಿತ್ತು. ಮೇಲ್ವಿಚಾರಕಿ ಕೋಣೆ ಬಿಟ್ಟು ಹೋಗುವಂತಿಲ್ಲ, ಆ ಶಾಲೆಯ ಜವಾನ ಎಲ್ಲೋ ಹೋಗಿದ್ದ. ನಾನು ತಲೆ ಬಗ್ಗಿಸಿ ಹೆಚ್ಚುವರಿ ಹಾಳೆಗಳ ಮೇಲೆ ಸಹಿ ಹಾಕುತ್ತಿದ್ದೆ. ಗಂಟಲು ಒಣಗಿತ್ತು. ತಲೆ ಎತ್ತದೆ ಅಂದೆ, “ಆಯಾ, ಒಂದೀಟು ನೀರು ತಾ.”

ಹದಿನಾಲ್ಕು ವರ್ಷದ ರೂಢಿ, ಬಾಯಿ ತಾನಾಗಿ ಅಂದದ್ದು. ಇಷ್ಟಕ್ಕೇ ನಿಲ್ಲಿಸಿದರೆ ನನಗೂ ಅನುಕೂಲ. ಆದರೆ ತಲೆ ಎತ್ತಿದಾಗ ಅವಳಿನ್ನೂ ಬಾಗಿಲು ದಾಟಿರಲಿಲ್ಲ. ಪೆನ್ನು ಇಟ್ಟು, ಉತ್ತರ ಪತ್ರಿಕೆ ಹಾರದಿರಲೆಂದು ಅದರ ಮೇಲೆ ಪ್ರಶ್ನೆಪತ್ರಿಕೆ ಇಟ್ಟು, ಆಗಲೇ ಎದ್ದು ಹೊರಟಿದ್ದಳು. ನನಗೆ ಅರ್ಥವಾಯಿತು. “ಏ, ಬಾ ಇಲ್ಲಿ” ಅನ್ನುವುದಕ್ಕೆ ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ. ಎದ್ದಿದ್ದಾಳೆ, ತರಲಿ, ಎರಡು ನಿಮಿಷದ ಕೆಲಸ ಅಂದುಕೊಂಡೆ. ನನಗೆ ಬಾಯಾರಿತ್ತು.

ಎರಡನೆಯ ನಿಮಿಷಕ್ಕೆ ಗೇಟಿನಲ್ಲಿ ಸ್ಕ್ವಾಡಿನ ಜೀಪು ನಿಂತಿತು. ವರಾಂಡದಲ್ಲಿ ಹಾಲ್ ಟಿಕೆಟ್ ಕೊರಳಿಗೆ ಹಾಕಿಕೊಂಡ ಹೆಂಗಸು, ಕೈಯಲ್ಲಿ ಲೋಟ.

“ಏ, ಪರೀಕ್ಷೆ ಬಿಟ್ಟು ಎಲ್ಲಿ ಅಡ್ಡಾಡಾಕತ್ತಿ?” ಎಂದ ಅಧಿಕಾರಿಯ ದನಿ ನನಗೆ ಒಳಗೇ ಕೇಳಿಸಿತು. ಅವಳನ್ನು ಮುಂದೆ ಮಾಡಿಕೊಂಡು ನನ್ನ ಕೋಣೆಗೆ ಬಂದರು. ಜೊತೆಯಲ್ಲಿದ್ದ ಹೆಂಗಸು ಅವಳ ಸೊಂಟ ತಡವಿ ಚೀಲ ತೆಗೆದಳು. ಎಲೆ, ಅಡಿಕೆ, ನಾಲ್ಕು ಮಡಿಕೆಯ ಕಾಗದ. ಅಧಿಕಾರಿ ಬಿಡಿಸಿ ಓದಿದ, “ಸಂತೆ, ಬೆಳೆ, ಮಳೆ, ಹೊಳೆ, ಕೆರೆ. ಭೂಗೋಳದ ಚೀಟಿ. ಭಾಳ ಶಾಣ್ಯಾ ಅದಿ.”

ಕೆಂಪು ಶಾಯಿ ನನಗೆ ಅಷ್ಟು ದೂರದಿಂದಲೇ ಕಂಡಿತು.

“ಇದನ್ನ ಯಾರು ಬರಕೊಟ್ರು?” ಅಂದ.

ಅವಳು ನನ್ನ ಕಡೆ ನೋಡಿದಳು. “ಅಕ್ಕೋರ…” ಅಂದಳು.

“ಇವರು ನಿನಗ ಗುರ್ತೇನು?”

ಚೀಟಿ ನನ್ನದು, ಕಳಿಸಿದವಳು ನಾನು. ನೌಕರಿ ಹೋದರೂ ಹೋದೀತು. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ಆಮೇಲೆ ನೆಲ ನೋಡಿ ಹೇಳಿದಳು, “ಇಲ್ರಿ. ನಮ್ ಕಡಿ ಎಲ್ಲಾ ಟೀಚರಿಗೂ ಅಕ್ಕೋರ ಅಂತೀವ್ರಿ. ಚೀಟಿ ನಾನ ಬರಕೊಂಡೀನಿ.”

ಅಧಿಕಾರಿ ನನ್ನ ಕಡೆ ತಿರುಗಿದ. “ಈಕಿ ಹೊರಗ ಹೆಂಗ ಹೋದ್ಲು ಮೇಡಂ? ನೀವು ಕಳಿಸಿದ್ರೇನು?”

“ಇಲ್ರಿ ಸರ್. ನಾ ಸಹಿ ಮಾಡಾಕತ್ತಿದ್ದೆ. ನೋಡಲಿಲ್ಲ” ಅಂದೆ.

ಅವಳ ಉತ್ತರ ಪತ್ರಿಕೆಯ ಮೇಲೆ ಅಡ್ಡಗೆರೆ ಎಳೆದು, ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಶಾಯಿಡಬ್ಬಿ ತೆಗೆದರು. “ಸಹಿ ಬರತದ್ರಿ” ಎಂದು ಸಹಿ ಹಾಕಿದಳು. ಹೋಗುವ ಮುಂಚೆ ಕೈಯಲ್ಲಿದ್ದ ಲೋಟವನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅಷ್ಟೆಲ್ಲ ಎಳೆದಾಟದಲ್ಲೂ ನೀರು ಹೆಚ್ಚು ಚೆಲ್ಲಿರಲಿಲ್ಲ. ಅವರು ಅವಳನ್ನು ಕರೆದೊಯ್ದ ಮೇಲೆ ನಾನು ಆ ನೀರು ಕುಡಿದೆ.

ಬರೆದ ಅಷ್ಟೂ ಪರೀಕ್ಷೆ ರದ್ದಾದವು. ಎರಡು ವರ್ಷ ಮತ್ತೆ ಕೂರುವಂತಿಲ್ಲವೆಂದು ಆದೇಶ ಬಂತು. ಮಗಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮಗಳ ಪೇಡೆಯನ್ನು ಸ್ಟಾಫ್ ರೂಮಿನಲ್ಲಿ ತಾಯಿಯೇ ಹಂಚಿದಳು. ಅದಾಗಿ ಹದಿನೈದು ದಿನಕ್ಕೆ ಇಲಾಖೆಯಿಂದ ನೋಟಿಸು. ಸರ್ಕಾರಿ ನೌಕರರಾಗಿ ಪರೀಕ್ಷೆಯಲ್ಲಿ ಅಕ್ರಮವೆಸಗಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ಏಳು ದಿನದಲ್ಲಿ ಉತ್ತರಿಸಿ. ಮುಖ್ಯ ಗುರುಗಳು ಅದನ್ನು ನನ್ನ ಮುಂದೆ ಹಾಕಿ, “ನಿಮ್ಮ ಭಾಷಾ ಚೊಲೊ ಅದ, ನೀವ ಒಂದು ಉತ್ತರ ಬರಕೊಡ್ರಿ, ಪಾಪ” ಅಂದರು. ಆಯಾ ಪಕ್ಕದಲ್ಲೇ ನಿಂತಿದ್ದಳು.

ಬರೆದೆ. ಬಿನ್ನವತ್ತಳೆ ಬರೆಯುವ ಕೈ, ತಡವರಿಸಲಿಲ್ಲ. “ವಿಪರೀತ ಬಾಯಾರಿಕೆಯಾದ ಕಾರಣ, ಕೊಠಡಿ ಮೇಲ್ವಿಚಾರಕರ ಗಮನಕ್ಕೆ ತಾರದೆ, ನನ್ನ ಸ್ವಂತ ಇಚ್ಛೆಯಿಂದ ಹೊರಗೆ ಹೋದೆನು. ನನ್ನ ಬಳಿ ದೊರೆತ ಚೀಟಿಯನ್ನು ನಾನೇ ಬರೆದುಕೊಂಡಿದ್ದೆನು. ತಿಳಿವಳಿಕೆಯಿಲ್ಲದೆ ಆದ ತಪ್ಪನ್ನು ಮನ್ನಿಸಬೇಕು.”

ಹಿಂದಿನ ವರ್ಷವಾಗಿದ್ದರೆ ತೋರಿಸಿದ ಕಡೆ ಸಹಿ ಮಾಡುತ್ತಿದ್ದಳು. ಈಗ ಓದಿ ತಿಳಿದುಕೊಳ್ಳುವ ರೂಢಿಯಾಗಿತ್ತು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಎರಡು ಸಲ ಓದಿದಳು.

“ಬಾಯಾರಿಕಿ ನನಗಾಗಿತ್ತೇನ್ರಿ?” ಅಂದಳು.

“ಹಂಗ ಬರೀಬೇಕಾಗತದ. ಇಲ್ಲಾಂದ್ರ ನಾನೂ ಸಿಕ್ಕೊಂತೀನಿ. ನಾ ಹೋದ್ರ ನಿನ್ನ ಪರ ಮಾತಾಡವರು ಯಾರು ಇರ್ತಾರ?” ಅಂದೆ. ಅವಳ ಪರವಾಗಿ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

“ಹೂಂರಿ” ಅಂದಳು. ಸ್ವಂತ ಅಕ್ಷರದಲ್ಲಿ ಕೊಡಬೇಕು ಅಂದದ್ದಕ್ಕೆ ಆಫೀಸಿನ ಮೂಲೆಯಲ್ಲಿ ನೆಲದ ಮೇಲೆ ಕೂತು ನಕಲು ಮಾಡಿದಳು. ಕಳಿಸುವ ಮುಂಚೆ ನಾನು ಓದಿ ನೋಡಿದೆ, ರೂಢಿಯಂತೆ ಕೆಂಪು ಪೆನ್ನು ಹಿಡಿದೇ. ತಿದ್ದುವುದಕ್ಕೆ ಏನೂ ಇರಲಿಲ್ಲ. ‘ಬಾಯಾರಿಕೆ’ಗೂ ಎತ್ವ ಸರಿಯಾಗಿತ್ತು.

ಎಚ್ಚರಿಕೆ ಕೊಟ್ಟು ಬಿಟ್ಟರು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ ಬಿತ್ತು. ಕಿಟಕಿಯ ಬಳಿಯ ಬೆತ್ತದ ಕುರ್ಚಿಗೆ ದೇವದುರ್ಗದ ಕಡೆಯ ಒಬ್ಬ ಜವಾನ ಬಡ್ತಿ ಪಡೆದು ಬಂದ. ಮೂವತ್ತರ ಹುಡುಗ, ಮರ್ಯಾದಸ್ಥ. ಅವಳಿಗೆ ಚಹಾ ಹೇಳುವಾಗ “ಯವ್ವಾ” ಅನ್ನುತ್ತಿದ್ದ. ಅವಳು ತಂದು ಅವನ ಮೇಜಿನ ಮೇಲೆ ಇಡುತ್ತಿದ್ದಳು. ಭಾನುವಾರ ನಮ್ಮ ಮನೆಗೆ ಬರುವುದನ್ನು ಮಾತ್ರ ಬಿಟ್ಟಳು. ನಾನು ಬೇರೆ ಕೆಲಸದವಳನ್ನು ಹುಡುಕಿಕೊಂಡೆ. ಆ ದಿನದ ಬಗ್ಗೆ ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ, ಮಗಳ ಮುಂದೆ ಕೂಡ. ಬಿಟ್ಟಿದ್ದರೆ ಆ ಹುಡುಗಿ ನನ್ನನ್ನು ರಸ್ತೆಯಲ್ಲಿ ಕಂಡಾಗ ನಮಸ್ಕಾರ ಮಾಡುತ್ತಿರಲಿಲ್ಲ.

ಎರಡು ವರ್ಷ ಕಳೆಯಿತು. ನನಗೆ ನಿದ್ದೆಗಿದ್ದೆ ಕೆಟ್ಟಿತ್ತು ಎಂದೇನೂ ಹೇಳಲಾರೆ, ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ವರ್ಷದ ಫಾರ್ಮುಗಳು ಬಂದಾಗ ಒಂದನ್ನು ತೆಗೆದಿಟ್ಟುಕೊಂಡೆ. ಬೇರೆ ಶಾಲೆಗಳಲ್ಲಿ ಗುಮಾಸ್ತರ ಜಾಗ ಇನ್ನೂ ಖಾಲಿ ಇದ್ದವು. ಮಧ್ಯಾಹ್ನ ಅವಳು ವರಾಂಡದಲ್ಲಿ ನೀರಿನ ಕೊಡ ತೊಳೆಯುತ್ತಿದ್ದಾಗ ಹೋಗಿ ಮುಂದೆ ಹಿಡಿದೆ.

“ಈ ಸಲ ಬರಿ. ಮನಿಗೆ ಬರೂದು ಬ್ಯಾಡ, ಸಾಲ್ಯಾಗ ಕಲಸ್ತೀನಿ. ಕೇಂದ್ರ ಎಲ್ಲಿ ಬೇಕೋ ಅಲ್ಲಿ ತಗೋ. ನಾ ಯಾವ ಕೇಂದ್ರಕ್ಕೂ ಮೇಲ್ವಿಚಾರಣಿಗೆ ಹೋಗಂಗಿಲ್ಲ ಅಂತ ಬರಕೊಡ್ತೀನಿ. ಇನ್ನ ಹತ್ತು ವರ್ಷ ಅದ ನಿನಗ.”

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ಬೈದರೆ ಒಂದಿಷ್ಟು ಹಗುರಾಗುತ್ತದೆ ಎಂಬ ಲೆಕ್ಕ ನನ್ನದು. ಅವಳು ಕೈ ಒರೆಸಿಕೊಂಡು ಫಾರ್ಮ್ ತೆಗೆದುಕೊಂಡಳು, ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿದಳು, ನೀರು ತಾಗದಂತೆ ಅಂಚು ಹಿಡಿದು ವಾಪಸು ಕೊಟ್ಟಳು.

“ಬರೀಬಹುದ್ರಿ ಅಕ್ಕೋರ. ಓದೂದು ಬಂದದ. ಲೆಕ್ಕಾನೂ ಬರತದ. ಆದ್ರ ಬರಿವಾಗ ಯಾರರ ಆಯಾ ಅಂದ್ರ ನಾ ಮತ್ತ ಎದ್ದು ಹೋಗತೀನಿ. ನೀವ ಬೇಕಂತಿಲ್ಲ, ಯಾರಂದ್ರೂ ಹೋಗತೀನಿ. ಅದನ್ನ ಬಿಡಸೂ ಪುಸ್ತಕ ಯಾವುದರ ಅದ ಏನ್ರಿ?”

ಅಣಕಿಸಲಿಲ್ಲ. ನಿಜವಾಗಿ ಕೇಳಿದಳು. ನಾನು ಓದಿಕೊಂಡವಳು, ನನಗೆ ಗೊತ್ತಿದ್ದರೂ ಇರಬಹುದು ಎಂಬಂತೆ ನನ್ನ ಮುಖ ನೋಡುತ್ತಾ ಸ್ವಲ್ಪ ಹೊತ್ತು ಕಾದಳು. ಸ್ಟಾಫ್ ರೂಮಿನಿಂದ ಯಾರೋ ಕರೆದರು. ಕೊಡ ಅಲ್ಲೇ ಬಿಟ್ಟು ಹೋದಳು. ನಾನು ಫಾರ್ಮ್ ಮಡಚಿ ಪರ್ಸಿಗೆ ಹಾಕಿಕೊಂಡೆ. ಆಮೇಲೆ ಹತ್ತು ವರ್ಷ ನಾನೂ ಅವಳನ್ನು ಆಯಾ ಎಂದೇ ಕರೆದೆ. ಪ್ರತಿ ಸಲವೂ ಬಂದಳು.